ಸಾತಪ್ಪ ಪಾಚಿಗೆ ಯೂರಿಯಾ ಹಾಕಿದ್ದು

ಜಮಖಂಡಿಯ ಒಂದು ಕಾಲೇಜಿನಲ್ಲಿ ಸಾತಪ್ಪ ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯದ ಜವಾನ. ಸಾವಳಗಿಯ ಕುರಿಗಾರರ ಮನೆಯ ಮಗ. ಕೂಡಿಹಾಕಿದ ಮರಿ ಹಸಿದಿರುವಾಗ ಅವರ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಒಳ್ಳೆಯ ಪದ್ಧತಿಯೇ, ಇಲ್ಲವೆಂದವರಾರು? ಆದರೆ ೨೦೦೯ರ ಬೇಸಿಗೆಯಲ್ಲಿ ಅದೇ ಪದ್ಧತಿ ಒಂದು ಹುಡುಗಿಯ ಬದುಕಿಗೆ ಕೊಡಲಿ ಪೆಟ್ಟಾಯಿತು.

ತೇರದಾಳದ ಸುವರ್ಣಾ ಅಲ್ಲಿ ಸಂಶೋಧನೆ ಮಾಡುತ್ತಿದ್ದಳು. ಬೀಳಗಿ ಕಡೆಯ ಹಿನ್ನೀರಿನಿಂದ ಹಸಿರು ಪಾಚಿ ತಂದು ಫ್ಲಾಸ್ಕುಗಳಲ್ಲಿ ಬೆಳೆಸಿದ್ದಳು. ಆಮೇಲೆ ಅದನ್ನು ಸಾರಜನಕವಿಲ್ಲದ ನೀರಿಗೆ ಹಾಕಿ, ಹದಿನಾಲ್ಕು ದಿನದ ಉಪವಾಸಕ್ಕೆ ಕೆಡವಿದ್ದಳು. ಹಿಂದೆ ಎರಡು ಸಲ ಪ್ರಯೋಗ ಕೆಟ್ಟಿತ್ತು. ಈ ಸಲವೂ ಕೆಟ್ಟರೆ ಸಂಶೋಧನೆಯ ಸೀಟು ಹೋಯಿತೆಂದೇ ತಿಳಿ ಎಂದು ಮಾರ್ಗದರ್ಶಕರು ಕಡ್ಡಿ ಮುರಿದಂತೆ ಹೇಳಿದ್ದರು.

ಹತ್ತನೇ ದಿನ ಅವಳು ಪಾಚಿಯ ಪರೀಕ್ಷೆಯ ಏರ್ಪಾಡಿಗೆಂದು ಧಾರವಾಡಕ್ಕೆ ಹೋದಳು. ಅಂದೇ ಪಾಚಿ ಹಳದಿಗೆ ತಿರುಗಿತು. ಹಸಿದು ಸಾಯುತ್ತಿವೆ ಎಂದುಕೊಂಡ ಸಾತಪ್ಪ. ಯಾರನ್ನೂ ಒಂದು ಮಾತು ಕೇಳಲಿಲ್ಲ, ಪುಣ್ಯಾತ್ಮ! ಹೊಲಕ್ಕೆ ತಂದಿದ್ದ ಯೂರಿಯಾವನ್ನು ಎಲ್ಲ ಫ್ಲಾಸ್ಕುಗಳಿಗೂ ಚಿಟಿಕೆ ಚಿಟಿಕೆ ಹಾಕಿಬಿಟ್ಟ.

ನಾಲ್ಕು ದಿನಕ್ಕೆ ಸುವರ್ಣಾ ಮರಳಿದಾಗ ಪಾಚಿ ಕಡುಹಸಿರಾಗಿತ್ತು.

"ಹೆಂಗ ಚಿಗತಾವ ನೋಡ ತಂಗೀ! ಯೂರಿಯಾ ಹಾಕಿದ್ನಿ," ಎಂದ ಸಾತಪ್ಪ, ಹಿಗ್ಗಿನಿಂದ.

ಅವಳು ಸ್ಟೂಲಿನ ಮೇಲೆ ಕುಸಿದಳು.

"ಕಾಕಾ, ಅದಕ್ಕ ಹಸಿವs ಬೇಕಾಗಿತ್ರಿ. ಸಾರಜನಕ ಸಿಗದಿದ್ರ ಅದು ಮರಿ ಹಾಕೂದಿಲ್ಲ. ಬೆಳಕಿನಿಂದ ಮಾಡಿಕೊಂಡ ಆಹಾರ ಎಲ್ಲಾ ಎಣ್ಣಿ ಮಾಡಿ ಇಟ್ಕೋತೈತಿ. ಆ ಎಣ್ಣಿ ಅಣುವಿನ ಸರಪಳಿನ ಅದರ ಕಿಣ್ವಗೋಳು ನಾಕ ಕಡೆ ಮಣಸ್ತಾವ. ನೆಟ್ಟಗಿದ್ದದ್ದು ತುಪ್ಪದಂಗ ಹೆಪ್ಪುಗಟ್ಟತೈತಿ, ಮಣದದ್ದು ಕುಸುಬಿ ಎಣ್ಣಿಹಂಗ ತಂಪಿನ್ಯಾಗೂ ಹರೀತೈತಿ. ಬಹು ಅಪರ್ಯಾಪ್ತ ಕೊಬ್ಬಿನಾಮ್ಲ ಅಂತಾರಲ್ಲ, ಅದs ಇದು. ಅದನ್ನs ನಾ ತೋರಸಬೇಕಾಗಿತ್ತು. ಈಗ ಯೂರಿಯಾದಾಗಿನ ಸಾರಜನಕ ತಿಂದು, ಕೂಡಿಟ್ಟ ಎಣ್ಣಿ ಕರಗಿಸಿ ಮರಿ ಹಾಕ್ಯಾವ್ರಿ."

ಸಾತಪ್ಪ ಫ್ಲಾಸ್ಕುಗಳ ಬಳಿ ಓಡಿದ.

"ಮತ್ತ ಉಪಾಸ ಕೆಡವೂಣು ತಂಗೀ, ನಾ ಕಾಯ್ತೇನಿ."

"ನಾಳೆ ತೋರಸಬೇಕ್ರಿ."

"ನಿಮ್ಮ ಸರ್ ಕಾಲ ಹಿಡೀತೇನಿ. ತಪ್ಪು ನಂದು ಅಂತೇನಿ."

ಅವಳು ಬೇಡವೆಂದು ತಲೆಯಾಡಿಸಿದಳು. ಅಳು ಕೂಡ ಬರಲಿಲ್ಲ. ಅದನ್ನು ನೋಡಿಯೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

"ಹಸದಿದ್ದುವವ್ವಾ, ನೋಡಾಕ ಆಗಲಿಲ್ಲ," ಎಂದು ಗೋಗರೆದ.

"ಹದಿನಾಕ ದಿನದಿಂದ ಇದರ ಚಿಂತ್ಯಾಗ ನಾನೂ ಸರಿಯಾಗಿ ಉಂಡಿಲ್ಲ ಕಾಕಾ. ಹತ್ತ ದಿನ ನಿಮ್ಮ ಕಣ್ಣಮುಂದs ಇದ್ನಿ. ಅದು ಕಾಣಲಿಲ್ಲೇನ್ರಿ?"

ಸಾತಪ್ಪ ತಡಬಡಿಸಿ ಮೂಲೆಯ ಬುತ್ತಿಗಂಟಿಗೆ ಕೈಹಾಕಿದ. ರೊಟ್ಟಿಯನ್ನೆಲ್ಲ ಅವನು ಮಧ್ಯಾಹ್ನವೇ ಉಂಡು ಮುಗಿಸಿದ್ದ.