ನೀರು ಬರುವ ಮೊದಲಿನ ನೀರು

ಮೊನ್ನೆ ಹುತ್ತೂರಿನ ದಾರಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಬೆಂದ ರೇಷ್ಮೆಗೂಡಿನ ವಾಸನೆ ನುಗ್ಗಿತು. ಜೊತೆಯವರು ಮೂಗು ಮುಚ್ಚಿಕೊಂಡರು. ನನಗೆ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದರು...

ಅವರು ಚರಕದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಗೂಡು ಬೇಯಿಸುವ ನೀರು ಹಳ್ಳದ ದಂಡೆಯ ಬಾವಿಯದು. ಒಲೆ ಹೊತ್ತಿಸುವ ಮೊದಲು ಆ ನೀರನ್ನು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಿದ್ದರು. ಮಳೆಗಾಲದ ನೀರಿಗೂ ಬೇಸಿಗೆಯ ನೀರಿಗೂ ಇರುವ ವ್ಯತ್ಯಾಸ ತಿಳಿದು, ಗೂಡು ಬೇಯಿಸುವ ಹೊತ್ತನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು.

ನಗರದ ಕೊಳಚೆಯನ್ನು ಶುದ್ಧೀಕರಿಸಿ ಪೈಪಿನಲ್ಲಿ ನಮ್ಮ ಕೆರೆಗೆ ಬಿಟ್ಟ ವರ್ಷ ಊರೇ ಕುಣಿಯಿತು. ಕೆರೆ ಕೋಡಿ ಬಿದ್ದು, ಮಳೆ ನಿಂತರೆ ಬತ್ತುತ್ತಿದ್ದ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು ಹರಿದು, ದಂಡೆಯ ಬಾವಿಗೂ ಇಳಿಯಿತು. ಅಕ್ಕನೂ ಅರಿಶಿನ ಕುಂಕುಮ ಹಾಕಿ ಕೈ ಮುಗಿದಿದ್ದರು. ಕೆಲವೇ ತಿಂಗಳಲ್ಲಿ ಅವರ ಎಳೆ ಕಡಿಯತೊಡಗಿತು, ಹೊಳಪು ಇಳಿಯಿತು. ಗೂಡು ಬದಲಿಸಿದರು, ಉರಿ ಬದಲಿಸಿದರು. ಕೊನೆಗೆ ನೀರೇ ಕೆಟ್ಟಿದೆ ಎಂದರು.

"ನೀರಿಲ್ದಿದ್ರೂ ಗೋಳು, ಬಂದ್ರೂ ಗೋಳು. ಏನಕ್ಕಾ ನಿಂದು?" ಎಂದು ಬೀದಿಯವನೊಬ್ಬ ರೇಗಿಸಿದ.

"ಲೇ, ಕ್ಯಾನ್ ನೀರು ಹೊತ್ಕೊಂಡ್ ಬಂದು ನಂಗೆ ಬುದ್ಧಿ ಹೇಳ್ತೀಯಾ? ಹಳ್ಳದ್ದು ಒಂದು ಲೋಟ ಕುಡಿಯೋ, ನೋಡಾಣ!"

ಅವನು ಕ್ಯಾನನ್ನು ಇನ್ನೊಂದು ಹೆಗಲಿಗೆ ಬದಲಿಸಿ ನಡೆದ.

ಪರೀಕ್ಷೆಗೆ ನೀರು ಹಿಡಿಯಲು ಅಧಿಕಾರಿಯೊಬ್ಬರು ಬಂದರು. ಪತ್ರಿಕೆಯ ವರದಿಗಾರನಾಗಿ ನಾನೂ ಇದ್ದೆ. ಬಾಟಲಿ ತುಂಬಿದ್ದು ಕೆರೆಗೆ ಬೀಳುವ ಪೈಪಿನ ಬಾಯಲ್ಲಿ. ಅಕ್ಕ ಮಂಕಾದ ನೂಲಿನ ಲಡಿ ಹಿಡಿದು ಬಂದು, ಹಳ್ಳದ್ದನ್ನೂ ಹಿಡಿಯಿರಿ ಎಂದರು. ಹಳ್ಳ ಪಟ್ಟಿಯಲ್ಲಿರಲಿಲ್ಲ.

"ಕೆಟ್ಟಿದೆ ಅಂತೀರಲ್ಲಮ್ಮಾ, ಮೊದಲು ಹೇಗಿತ್ತು ಅನ್ನೋದಕ್ಕೆ ಏನು ದಾಖಲೆ?" ಎಂದರು ಅಧಿಕಾರಿ.

"ಅದನ್ನ ನಾನಾ ಸಾರ್ ಬರೆದಿಡಬೇಕಾಗಿದ್ದಿದ್ದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಫಲಿತಾಂಶ ಬಂದಾಗ 'ನೀರು ಮಿತಿಯೊಳಗಿದೆ' ಎಂದು ಬರೆದೆ. ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ನಾನು ಆ ನೀರು ಬೇಡವೆನ್ನುವವನಲ್ಲ. ಕೊಳವೆಬಾವಿಗಳಿಗೆ ಜೀವ ಬಂದದ್ದನ್ನು ಬರೆದವನೂ ನಾನೇ. ಆದರೆ ಶುದ್ಧೀಕರಿಸಿದ ಮೇಲೂ ಲವಣ, ನೈಟ್ರೇಟು, ರಂಜಕ ಉಳಿಯಬಹುದು, ಅವು ಸೇರಿದರೆ ಹಳ್ಳದ ನೀರಿನ ಗುಣ ಬದಲಾಗುತ್ತದೆ ಎಂಬುದು ಓದಿದವರಿಗೆಲ್ಲ ಗೊತ್ತು. ಗೊತ್ತಿದ್ದವರಲ್ಲಿ ಒಬ್ಬರಿಗೂ ನೀರು ಬಿಡುವ ಮೊದಲು ಹಳ್ಳದಿಂದ ಒಂದು ಬಾಟಲಿ ತುಂಬಿಕೊಳ್ಳಬೇಕು ಅನ್ನಿಸಲಿಲ್ಲ. ಅಳೆಯದೆ ಬಿಟ್ಟವರೇ, ಅಳತೆ ಎಲ್ಲಿ ಎಂದು ನೂಲು ಬಿಚ್ಚುವ ಹೆಂಗಸನ್ನು ಕೇಳಿದರು.

ಅಕ್ಕ ಚರಕ ನಿಲ್ಲಿಸಿದರು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯಲು ಹೋದರು. ಎರಡು ವರ್ಷದ ಹಿಂದೆ ತೀರಿಕೊಂಡರು...

ಮಾಹಿತಿ ಹಕ್ಕಿನಡಿ ನಾನು ಹಾಕಿದ್ದ ಅರ್ಜಿಗೆ ಈ ವಾರ ಉತ್ತರ ಬಂದಿದೆ. ನೀರು ಬಿಡುವ ಮೊದಲಿನ ಹಳ್ಳದ ಪರೀಕ್ಷಾ ವರದಿ 'ಲಭ್ಯವಿಲ್ಲ'. ಇದನ್ನು ಅಧಿಕಾರಿ ಎದುರಿಗಿದ್ದಾಗಲೇ ಕೇಳುವುದು ನನ್ನ ಕೆಲಸವಾಗಿತ್ತು. ಕೇಳಿದ್ದರೆ ಅಕ್ಕ ಅಷ್ಟು ಜನರ ನಗುವಿನ ನಡುವೆ ಒಬ್ಬರೇ ನಿಲ್ಲಬೇಕಿರಲಿಲ್ಲ. ಈಗ ಈ ಕಾಗದವನ್ನು ಓದಿ ಹೇಳೋಣವೆಂದರೆ, ಪಕ್ಕದ ಮನೆಗೆ ಬೀಗ ಬಿದ್ದಿದೆ.