ರುದ್ರಪ್ಪನವರೂ ನನ್ನ ಅಟ್ಟದ ವೈರೂ

ರುದ್ರಪ್ಪನವರು ನಡೆಯುವಾಗ ನೆಲ ನೋಡುತ್ತಿರಲಿಲ್ಲ. ಕತ್ತು ಮೇಲೆತ್ತಿ, ಕಂಬದಿಂದ ಕಂಬಕ್ಕೆ ಹೋಗುವ ವೈರನ್ನು ಕಣ್ಣಲ್ಲೇ ಸವರುತ್ತಾ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಎದುರಿಗೆ ಹಸು ಬಂದರೆ ಹಸುವೇ ದಾರಿ ಬಿಡಬೇಕು. ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ಯಾವ ಚಪ್ಪಡಿ ಅಲ್ಲಾಡುತ್ತದೆ ಅಂತ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ತಿಂಗಳಿಗೊಂದು ಸಲ ಚರಂಡಿಗೆ ಕಾಲಿಡುತ್ತಿದ್ದರು; ಕಾಲು ಒದರಿಕೊಂಡು, ಮತ್ತೆ ಮೇಲೆ ನೋಡುತ್ತಾ ಮುಂದೆ ಹೋಗುತ್ತಿದ್ದರು.

ಅವರು ನಮ್ಮ ಏರಿಯಾದ ಟೆಲಿಫೋನ್ ಲೈನ್‌ಮನ್. ಹಾವೇರಿ ಕಡೆಯವರು. ಹಣೆಗೆ ಮೂರೆಳೆ ವಿಭೂತಿ, ಹೆಗಲಿಗೆ ರೆಕ್ಸಿನ್ ಚೀಲ, ಚೀಲದಲ್ಲಿ ಟೆಸ್ಟ್ ಮಾಡುವ ಫೋನು. ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರೆ ಡಾಕ್ಟರು ಎದೆಬಡಿತ ಕೇಳಿದ ಹಾಗಿರುತ್ತಿತ್ತು. "ಮನಷಾ ಸುಳ್ಳು ಹೇಳ್ತಾನ್ರಿ, ವೈರಿಗೆ ಬರೂದಿಲ್ಲ" ಅನ್ನೋದು ಅವರ ಮಾತು. ಟೀ ಕೊಟ್ಟರೆ ಲೈನು ಸರಿಯಾಗುವವರೆಗೆ ಮುಟ್ಟುತ್ತಿರಲಿಲ್ಲ. ವ್ಯವಹಾರ ತಿಳಿಯದವರ ಲಕ್ಷಣ ಅಂತ ನನಗೆ ಅನ್ನಿಸುತ್ತಿತ್ತು. ಟೀ ಆರುತ್ತೆ, ಕೆಲಸ ಎಲ್ಲಿಗೆ ಹೋಗುತ್ತೆ?

ನಾನು ಬಿನ್ನಿಪೇಟೆಯಲ್ಲಿ ಹಳೇ ಸಾಮಾನು ಕೊಂಡು ಮಾರಿ ಮೇಲೆ ಬಂದವನು. ಅದರಿಂದ ಎರಡು ಬುದ್ಧಿ ಕಲಿತೆ. ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಒಂದು, ಅಂಗಡಿಯವನು ಹೇಳಿದ ಮೊದಲ ಬೆಲೆಗೆ ಯಾವುದನ್ನೂ ಕೊಳ್ಳಬೇಡಿ. ಎರಡು, ಕೊಂಡದ್ದನ್ನು ಕತ್ತರಿಸಬೇಡಿ, ಮುಂದೆ ಬೇಕಾಗುತ್ತೆ. ರುದ್ರಪ್ಪನವರಿಗೂ ನನಗೂ ಗಂಟು ಬಿದ್ದದ್ದು ಈ ಎರಡನೇದರಿಂದ.

ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಮ್ಮ ಕ್ರಾಸಿನಲ್ಲಿ ಮೊದಲು ಹಾಕಿಸಿದವನು ನಾನು. ಬೆನ್ನು ಹತ್ತಿ ಇನ್ನೂ ಏಳು ಮನೆಗೆ ಹಾಕಿಸಿದವನೂ ನಾನೇ. ಮನೆಯೊಳಗೆ ವೈರು ಹೇಗೆ ಎಳೀಬೇಕು ಅಂತ ನಿಂತು ತೋರಿಸಿದೆ. ತೂಕದ ಲೆಕ್ಕದಲ್ಲಿ ತಂದ ವೈರನ್ನೂ ಹಂಚಿದೆ. ನೆಟ್ಟು ಬಂತು, ಆದರೆ ತೆವಳಿಕೊಂಡು ಬಂತು. ನಮ್ಮ ಮಗಳು ರಿಸಲ್ಟ್ ನೋಡಲು ಕೂತರೆ ಅವಳ ಹೆಸರು ಬರುತ್ತಿತ್ತು, ಮಾರ್ಕ್ಸ್ ಬರುತ್ತಿರಲಿಲ್ಲ. ಎದುರು ಮನೆಯ ಸರೋಜಮ್ಮ ತಂಗಿ ಮಗಳ ಮದುವೆ ಫೋಟೊ ತೆರೆದಿಟ್ಟು ದೋಸೆಗೆ ರುಬ್ಬಿ ಬಂದರೆ, ಅಷ್ಟು ಹೊತ್ತಿಗೆ ಚಪ್ಪರ ಮಾತ್ರ ಇಳಿದಿರುತ್ತಿತ್ತು. ಗಂಡು ಹೆಣ್ಣು ಇನ್ನೂ ದಾರಿಯಲ್ಲಿ.

ಏಳು ಮನೆಯವರೂ ನನ್ನ ಮುಖ ನೋಡಿದರು. ಸಲಹೆ ಕೊಟ್ಟವನು ತಪ್ಪಿರಬಾರದು. ಹಾಗಾಗಿ ಬೇರೆ ಯಾರೋ ತಪ್ಪಿರಬೇಕು. "ಲೈನ್‌ಮನ್ ರುದ್ರಪ್ಪನವರ ತೀವ್ರ ನಿರ್ಲಕ್ಷ್ಯದಿಂದಾಗಿ" ಅಂತ ಶುರುಮಾಡಿ ಒಂದು ದೂರು ಬರೆದು, ಎಂಟು ಮನೆಯ ಸಹಿ ಹಾಕಿಸಿ, ಅವರ ಆಫೀಸಿಗೆ ಕೊಟ್ಟು ಬಂದೆ.

ಹತ್ತು ದಿನ ಬಿಟ್ಟು ರುದ್ರಪ್ಪನವರು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಆಫೀಸು ಕೊಟ್ಟ ಮೆಮೊ, ಅದಕ್ಕೆ ಪಿನ್ ಮಾಡಿದ ನನ್ನ ದೂರು.

"ಸಾಹೇಬ್ರ, ಮೂವತ್ತೊಂದು ವರ್ಷದಾಗ ನನ್ನ ಮ್ಯಾಲೆ ಬಂದ ಮೊದಲನೇ ಪತ್ರ ಇದು. ಅಕ್ಷರ ಭಾಳ ಚಂದ ಅದಾವ."

ನಾನು ಗೇಟಿನ ಚಿಲಕ ತೆಗೆದೆ.

"ನಾಕ್ ತಿಂಗಳಿಗೆ ರಿಟೈರ್ ಆಗ್ತೀನ್ರಿ. ನಾಳಿಗೆ ಉತ್ತರಾ ಕೊಡಬೇಕು. ಕೊಡ್ಲಿಲ್ಲಂದ್ರ ಇದು ಸರ್ವಿಸ್ ಬುಕ್ಕಿನ್ಯಾಗ ಹತ್ತಿ ಕುಂದರತೈತಿ. ಒಂದ್ಸಲ ಲೈನ್ ನೋಡ್ಲೇನ್ರಿ?"

ಹೊರಗೋಡೆಯ ಡಬ್ಬಿ ಬಿಚ್ಚಿ, ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ ಕೇಳಿದರು. "ಇಲ್ಲೀತನಕ ನಂದು, ಚೊಕ್ಕ ಐತಿ. ಇಲ್ಲಿಂದ ಒಳಗ ನಿಮ್ಮದು" ಅಂದರು. ಆಮೇಲೆ ಚೀಲದಿಂದ ಹೊಸ ವೈರು ತೆಗೆದು, ಡಬ್ಬಿಯಿಂದ ನೇರ ಕಿಟಕಿಗೆ ತೂರಿಸಿ ಮೋಡೆಮ್‌ಗೆ ಕೊಟ್ಟರು. ಮಗಳು ಒತ್ತಿದ್ದೇ ತಡ, ಪುಟ ಪೂರ್ತಿ ಬಂದು ನಿಂತಿತು. ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ರುದ್ರಪ್ಪನವರು ನಾನು ಎಳೆದ ಹಳೇ ವೈರಿನ ಬೆನ್ನು ಹತ್ತಿದರು. ಅದು ಡಬ್ಬಿಯಿಂದ ಅಡುಗೆಮನೆ ಫೋನಿಗೆ, ಅಲ್ಲಿಂದ ಮಹಡಿಗೆ ಹೋಗಿತ್ತು. ಬಾಡಿಗೆಯವರಿಗೆ ಇನ್‌ಕಮಿಂಗ್ ಫ್ರೀ ಅಂತ ನಾನೇ ಅಲ್ಲೊಂದು ಫೋನು ಇಟ್ಟಿದ್ದೆ. ಮಹಡಿಯಿಂದ ಇಳಿದು ಅಟ್ಟಕ್ಕೆ. ಅಟ್ಟದ ಮೇಲೆ, ಹಿತ್ತಾಳೆ ಹಂಡೆಯ ಪಕ್ಕ, ಒಂದಿಂಚೂ ಕತ್ತರಿಸದೆ ಸುತ್ತಿಟ್ಟ ವೈರಿನ ದಪ್ಪ ಸುರುಳಿ. ಅದರ ಒಂದು ತುದಿಯಿಂದ ಹೊಕ್ಕ ಲೈನು, ಸುರುಳಿ ಪೂರ್ತಿ ಸುತ್ತಿ, ಇನ್ನೊಂದು ತುದಿಯಿಂದ ಮೋಡೆಮ್‌ಗೆ ಇಳಿದಿತ್ತು.

ಏಣಿ ಹತ್ತಿ ಅವರು ಸುರುಳಿಯ ಸುತ್ತುಗಳನ್ನು ಬೆರಳಲ್ಲಿ ಎಣಿಸಿದರು. "ನಿಮ್ಮ ನೆಟ್ ಸ್ಲೋ ಇಲ್ರಿ ಸಾಹೇಬ್ರ. ಪ್ರದಕ್ಷಿಣಿ ಹಾಕ್ಕೊಂತ ಬರಾಕ್ಹತ್ತೈತಿ."

"ಕಟ್ ಮಾಡ್ಸಿ ಅಂತ ನಾನು ಅವತ್ತೇ ಬಡ್ಕೊಂಡೆ" ಅಂದಳು ಹೆಂಡತಿ.

ಇನ್ನು ಉಳಿದದ್ದು ಕಾಗದ. ತಪ್ಪು ಮನೆಯೊಳಗಿನ ವೈರಿನದು ಅಂತ ನಾನು ಬರೆದುಕೊಟ್ಟರೆ ಮೆಮೊ ರದ್ದಾಗುತ್ತೆ. ಬರೆದುಕೊಟ್ಟರೆ ಏಳು ಮನೆಯಲ್ಲಿ ನನ್ನ ಮಾತೂ ರದ್ದಾಗುತ್ತೆ. ಚೌಕಾಸಿಗೆ ಇಳಿದೆ.

"'ತಾಂತ್ರಿಕ ಕಾರಣ' ಅಂತ ಬರೀಲಾ ರುದ್ರಪ್ಪನೋರೆ?"

"ತಾಂತ್ರಿಕ ಅಂದ್ರ ನಾನ ಆಗ್ತೀನ್ರಿ."

"ಮಳೆ ನೀರು?"

"ಮಳಿ ಬಂದು ಎರಡು ತಿಂಗಳಾತು."

"ಇಲಿ ಕಡಿದಿತ್ತು ಅನ್ನೋಣ."

"ಇಲಿ ಪಾಪ, ಅದೇನ್ ಮಾಡೇತ್ರಿ?"

ಇಷ್ಟು ವರ್ಷದ ವ್ಯಾಪಾರದಲ್ಲಿ ಒಂದು ರವೆಯಷ್ಟೂ ಇಳಿಯದವರನ್ನು ಅವತ್ತೇ ನೋಡಿದ್ದು. ಅವರು ದನಿ ಏರಿಸಲಿಲ್ಲ, ಬೇಡಲೂ ಇಲ್ಲ. ಮೆಮೊವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮಡಿಕೆಯನ್ನು ಹೆಬ್ಬೆರಳಿನಿಂದ ನೀವುತ್ತಾ ಕೂತಿದ್ದರು. ಹೆಂಡತಿ ಪೆನ್ನು ತಂದು ನನ್ನ ಮುಂದೆ ಇಟ್ಟಳು.

ಬರೆದೆ. "ನನ್ನ ಸಲಹೆಯಂತೆ ಎಳೆದ ವೈರಿನಿಂದ" ಅಂತಲೇ ಬರೆದೆ. ಸಹಿ ಹಾಕಿದವರು ಎಂಟು ಮನೆಯವರಾದ್ದರಿಂದ ವಾಪಸು ತೆಗೆಯುವುದಕ್ಕೂ ಎಂಟು ಸಹಿ ಬೇಕು ಅಂತ ರುದ್ರಪ್ಪನವರೇ ಹೇಳಿದರು. ಮನೆಮನೆ ಅಲೆದೆ. ಸರೋಜಮ್ಮ ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದಿದರು.

"ಅಂದ್ರೆ, ವೈರ್ ಕಟ್ ಮಾಡ್ಬೇಡಿ ಅಂದಿದ್ದು ನೀವು. ಕಂಪ್ಲೇಂಟ್ ಬಿದ್ದಿದ್ದು ಆ ಯಪ್ಪನ ಮೇಲೆ. ಅಲ್ವಾ?"

"ಸಹಿ ಹಾಕಿ ಸರೋಜಮ್ಮಾ."

"ಹಾಕ್ತೀನಿ. ಮೊದ್ಲು ಕತ್ತರಿ ತಗೊಂಡು ಒಳಗೆ ಬನ್ನಿ."

ಎಂಟನೇ ಸಹಿ ಬಿದ್ದ ಮೇಲೆ ಕಾಗದವನ್ನು ರುದ್ರಪ್ಪನವರಿಗೆ ಕೊಟ್ಟೆ. ಓದಿ, ಚೀಲದೊಳಗೆ ಇಟ್ಟುಕೊಂಡು, ಆಮೇಲೆ ಟೀ ಕುಡಿದರು. ಆ ವಾರ ಏಳೂ ಮನೆಗೆ ಅವರೇ ಹೋಗಿ, ಯಾರೂ ಕರೆಯದೆ, ಡಬ್ಬಿಯಿಂದ ಮೋಡೆಮ್‌ಗೆ ನೇರ ವೈರು ಎಳೆದುಕೊಟ್ಟರು. ನನ್ನ ಹೆಸರು ಒಂದು ಕಡೆಯೂ ಎತ್ತಲಿಲ್ಲವಂತೆ. ಅಗತ್ಯವೂ ಇರಲಿಲ್ಲ.

ನಿವೃತ್ತಿಯ ದಿನ, ಚೀಲವಿಲ್ಲದೆ, ಕೈಯಲ್ಲಿ ಪೇಡೆ ಡಬ್ಬಿ ಹಿಡಿದು ಬಂದರು. ಊರಿಗೆ ವಾಪಸ್ಸಾ ಇಲ್ಲೇ ಇರೋದಾ ಅಂತ ಕೇಳಿದೆ. ಇನ್ನೂ ತೀರ್ಮಾನ ಆಗಿಲ್ಲ ಅಂದರು. ನಾನು ಸುಮ್ಮನಿರಬೇಕಾಗಿತ್ತು.

"ಹೇರೋಹಳ್ಳಿ ಕಡೆ ಒಂದು ಸೈಟ್ ತಗೊಂಬಿಡಿ ರುದ್ರಪ್ಪನೋರೆ. ರಸ್ತೆ ಸರಿಯಿಲ್ಲ, ಅದಕ್ಕೇ ಈಗ ತಗೋಬೇಕು. ರಸ್ತೆ ಆದ್ಮೇಲೆ ಕೈಗೆ ಸಿಗಲ್ಲ."

ಅವರು ಎಲ್ಲವನ್ನೂ ತಲೆಯಾಡಿಸಿ ಕೇಳಿದರು. ಗೇಟು ದಾಟಿ, ತಿರುಗಿ ನಿಂತು, ನಾನು ಅವರ ಮುಖದಲ್ಲಿ ಎಂದೂ ಕಾಣದ ನಗು ನಕ್ಕರು. "ಬರದು ಕೊಡ್ರಿ ಸಾಹೇಬ್ರ. ಕೆಳಗ ಎಂಟು ಮಂದಿ ಸಹಿ ಇರ್ಲಿ."

ಮತ್ತೆ ಬರಲಿಲ್ಲ. ಸೈಟು ತೆಗೆದುಕೊಂಡರೋ, ಹಾವೇರಿಗೆ ಹೋದರೋ ಯಾರಿಗೂ ಗೊತ್ತಿಲ್ಲ. ಈಗಲೂ ಹೇರೋಹಳ್ಳಿ ಕಡೆ ಹೋದರೆ ನಾನು ಗೇಟುಗಳ ಮೇಲಿನ ಹೆಸರು ಓದುತ್ತಾ ಸ್ಕೂಟರನ್ನು ನಿಧಾನ ಮಾಡುತ್ತೇನೆ. ಹಿಂದಿನವರು ಹಾರನ್ ಹೊಡೆಯುತ್ತಾರೆ.