ನೂಂಕಿಶು ಹೂತಿಟ್ಟ ಹಳ್ಳದ ಹೆಸರು

ನೂಂಕಿಶು ನನ್ನ ಸವತಿ. ನಾನು ಈ ಹಟ್ಟಿಗೆ ಎರಡನೆಯವಳಾಗಿ ಬಂದ ದಿನ ಅವಳು ನನ್ನ ಮುಖ ನೋಡಲಿಲ್ಲ. ಗಂಡ ನನ್ನ ಪಾಲಿಗೆ ಕೊಟ್ಟ ಹಸುಗಳ ಕೆಚ್ಚಲು ನೋಡಿ, "ಹಸು ಪರವಾಗಿಲ್ಲ" ಅಂದಳು. ಅವಳ ಬಾಯಿಗೆ ಹೆದರದವರು ನಮ್ಮ ಬಯಲಿನಲ್ಲಿ ಇರಲಿಲ್ಲ, ಗಂಡನೂ ಸೇರಿ. ಅವನು ಈಗಿಲ್ಲ. ಅವನ ಹೆಸರನ್ನು ನನ್ನ ಮೊಮ್ಮಗನಿಗೆ ಇಟ್ಟಿದ್ದೇವೆ, ದಿನಾ ಕರೆದು ಬೈಯುತ್ತೇವೆ.

ಮಕ್ಕಳು ಸತ್ತರೆ ಹಾಗಲ್ಲ. ಮಗುವಿನ ಜೊತೆ ಹೆಸರನ್ನೂ ಹೂಳುತ್ತೇವೆ. ಮನೆಯವರು ಮತ್ತೆ ಅದನ್ನು ಉಚ್ಚರಿಸುವಂತಿಲ್ಲ, ಅದೇ ಹೆಸರಿನ ವಸ್ತು ಯಾವುದಿದ್ದರೂ ಅದಕ್ಕೆ ಬೇರೆ ಮಾತು ಹುಡುಕಿಕೊಳ್ಳಬೇಕು. ಮುದುಕರ ಹೆಸರು ಉಳಿಯಬೇಕು, ಎಳೆಯರದು ಮಣ್ಣಾಗಬೇಕು. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ, ನೆನೆದರೆ ನನಗೆ ಮೈ ಉರಿಯುತ್ತದೆ.

ನಮ್ಮ ಹೊಳೆ ಹಳ್ಳಗಳ ಹೆಸರಿನಲ್ಲಿ ಸುತ್ತುಬಳಸು ಇಲ್ಲ. ನೀರು ತಣ್ಣಗಿದ್ದರೆ ಎಂಕಾರೆ ನೈರೋಬಿ, ಕಪ್ಪಗಿದ್ದರೆ ಎಂಕಾರೆ ನರೋಕ್, ಕೆಸರು ಬಣ್ಣದ ಹೊಳೆಯಾದರೆ ಎವಾಸೊ ಎನ್‌ಗಿರೊ. ಹೇಗಿದೆಯೋ ಹಾಗೆ ಕರೆದರಾಯಿತು. ಹಟ್ಟಿಯ ಪಕ್ಕದ ಹಳ್ಳಕ್ಕೂ ಅದರ ರುಚಿಯದೇ ಹೆಸರು. ಸುತ್ತ ಎಲ್ಲಿ ತೋಡಿದರೂ ಉಪ್ಪುನೀರು, ಇದೊಂದನ್ನು ಮಾತ್ರ ಎಳೆಗರುವೂ ಮೂತಿ ಎತ್ತದೆ ಕುಡಿಯುತ್ತದೆ. ನೂಂಕಿಶು ದಿನ ತುಂಬಿದಾಗ ಕತ್ತೆ ಹೊಡೆದುಕೊಂಡು ನೀರಿಗೆ ಹೋಗಿ, ಅಲ್ಲೇ ದಡದಲ್ಲಿ ಹೆತ್ತಳು. ಹುಡುಗಿಗೆ ಹಳ್ಳದ ಹೆಸರನ್ನೇ ಇಟ್ಟಳು. ನನಗೆ ಮಕ್ಕಳಾಗುವ ಮುಂಚೆ ನನ್ನ ಬೆನ್ನಮೇಲೆ ಬೆಳೆದವಳು ಅವಳು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಜ್ವರ ಬಂದು ಹೋಗಿಬಿಟ್ಟಳು.

ಆಮೇಲೆ ನಮ್ಮ ಮನೆಯಲ್ಲಿ ಚಹಾ ಕೊಟ್ಟು ರುಚಿ ಕೇಳುವುದೂ ಕಷ್ಟವಾಯಿತು. ಸಕ್ಕರೆ ಸರಿಯಾಗಿದೆಯೇ ಎನ್ನುವುದಕ್ಕೆ "ನಾಲಿಗೆಗೆ ಹಿತವಾಗಿದ್ಯಾ" ಎಂದು ಕೇಳುತ್ತಿದ್ದೆವು. ಜೇನಿಗೂ ಅದೇ ಮಾತು. ಹಳ್ಳ 'ಆಚೆ ನೀರು' ಆಯಿತು. ಕಟ್ಟಳೆ ಇರುವುದು ಮನೆಯವರಿಗೆ ಮಾತ್ರ, ಆದರೆ ನೂಂಕಿಶುಗೆ ಅಷ್ಟು ಸಾಲಲಿಲ್ಲ. ಊರೂರು ಅಲೆದು ಸಕ್ಕರೆ ಮಾರುವವನೊಬ್ಬ ಹಳ್ಳದ ಹೆಸರು ಹೇಳಿ ದಾರಿ ಕೇಳಿದ್ದಕ್ಕೆ ಕತ್ತೆ ಹೊಡೆಯುವ ಕೋಲಿನಿಂದ ಬಾರಿಸಿದಳು.

"ನನ್ನ ಮಗಳ ಹೆಸರು ನಿನ್ನ ಬಾಯಿಗ್ಯಾಕೋ ಬೇಕು?"

"ನಾನು ದಾರಿ ಕೇಳಿದ್ದಮ್ಮ."

"ದಾರಿ ಅಲ್ಲಿದೆ. ನಡಿ."

ಅವತ್ತಿನಿಂದ ಇಡೀ ಬಯಲು ಬಾಯಿ ಹೊಲಿದುಕೊಂಡಿತು, ಅರ್ಧ ಮರುಕಕ್ಕೆ, ಅರ್ಧ ಕೋಲಿಗೆ. ಆಮೇಲೆ ಹುಟ್ಟಿದ ಮಕ್ಕಳಿಗೆ ಆ ಹಳ್ಳಕ್ಕೊಂದು ಹೆಸರಿದೆ ಎನ್ನುವುದೇ ಗೊತ್ತಿಲ್ಲ.

ಅದೇ ನಮಗೆ ಮುಳುವಾಯಿತು. ಮೇಲುಗಡೆ ಹೂವಿನ ತೋಟ ಮಾಡಿದವರು ಹಳ್ಳಕ್ಕೆ ಅಡ್ಡಗೋಡೆ ಕಟ್ಟಿ, ನೀರೆಲ್ಲ ತಮ್ಮ ಕಡೆ ತಿರುಗಿಸಿಕೊಳ್ಳಲು ಅನುಮತಿ ಕೇಳಿದರು. ವಿಚಾರಣೆಗೆ ನೀರಿನ ಅಧಿಕಾರಿ ಬಂದು ಜಾಲಿ ಮರದಡಿ ಕುರ್ಚಿ ಹಾಕಿಸಿಕೊಂಡು ಕುಳಿತ. ನಾವೆಲ್ಲ ಸುತ್ತ ನೆಲದ ಮೇಲೆ. ತೋಟದ ಮ್ಯಾನೇಜರ್ ಎದ್ದು ಮಾತು ಶುರು ಮಾಡಿದ.

"ಸಾರ್, ಅದು ಮಳೆ ಬಂದ್ರೆ ಹರಿಯೋ ಚರಂಡಿ ಅಷ್ಟೆ. ಜನ ಬಳಸೋ ನೀರಾಗಿದ್ರೆ ಒಂದು ಹೆಸರು ಇರ್ತಿತ್ತಲ್ಲ? ಕೇಳಿ ನೋಡಿ, ಯಾರಾದ್ರೂ ಹೇಳ್ತಾರಾ ಅಂತ."

ನಮ್ಮ ಹುಡುಗರನ್ನು ಮೊದಲೇ ವಿಚಾರಿಸಿಕೊಂಡು ಬಂದಿದ್ದ, ಕಳ್ಳ.

ಅಧಿಕಾರಿ ಹೆಸರು ಕೇಳಿದ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಪರ್ಮುವಾಟ್. ಅವನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

"ಆಚೆ ನೀರು ಅಂತೀವಿ."

"ಯಾವುದರ ಆಚೆ?"

"ಆಚೆ ಅಂದ್ರೆ, ಆಚೆ."

ಮ್ಯಾನೇಜರ್ ನಕ್ಕ. ಆ ಹಲ್ಲುಗಳನ್ನು ಉದುರಿಸಬೇಕು ಎನಿಸಿತು. ಅವನಿಗಿಂತ ಹೆಚ್ಚು ಸಿಟ್ಟು ಬಂದದ್ದು ನಮ್ಮ ಗಂಡಸರ ಮೇಲೆ. ಸಿಂಹಕ್ಕೆ ಎದೆ ಕೊಟ್ಟೆವು ಎಂದು ಇವತ್ತಿಗೂ ಕೊಚ್ಚಿಕೊಳ್ಳುವವರು, ಒಬ್ಬ ಮುದುಕಿಯ ಕಣ್ಣು ತಪ್ಪಿಸಿ ನೆಲ ಕೆದಕುತ್ತಿದ್ದರು. ಹಳ್ಳ ಹೋದರೆ ದನ ಹೋಗುತ್ತವೆ, ದನ ಹೋದರೆ ನಾವು ಯಾರೂ ಅಲ್ಲ. ಅದು ಅವರಿಗೂ ಗೊತ್ತಿತ್ತು.

ನಾನು ಎದ್ದೆ. ಬರುವ ಕೇಡು ನನಗೇ ಬರಲಿ ಎಂದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ನೂಂಕಿಶು ನನ್ನ ಮಣಿಸರಕ್ಕೆ ಕೈ ಹಾಕಿ ಎಳೆದು ಕೂರಿಸಿದಳು.

"ಅವಳನ್ನ ಹೆತ್ತವಳು ನೀನಾ? ಕೂತ್ಕೋ."

ಆ ಮಾತಿಗೆ ನಾನು ಅವಳನ್ನು ಇನ್ನೂ ಕ್ಷಮಿಸಿಲ್ಲ.

ಅವಳೇ ಎದ್ದು ನಿಂತಳು. "ಎಂಕಾರೆ ನಮೆಲೊಕ್," ಅಂದಳು. ಸಿಹಿನೀರು.

ಬರೆಯುತ್ತಿದ್ದ ಅಧಿಕಾರಿ ತಲೆ ಎತ್ತಲಿಲ್ಲ. "ಏನಂದ್ರಿ? ಇನ್ನೊಂದ್ಸಲ ಹೇಳಿ, ಸ್ವಲ್ಪ ಜೋರಾಗಿ."

ಜೋರಾಗಿ ಬೇಕಂತೆ ಅವನಿಗೆ. ಅವಳ ಕುತ್ತಿಗೆಯ ನರ ಉಬ್ಬಿತು. ಹೇಳಿದಳು.

"ಈಗ ಹುಟ್ಟಿಸಿದ ಹೆಸರು ಸಾರ್," ಎಂದ ಮ್ಯಾನೇಜರ್. "ಬೇರೆ ಯಾರ ಬಾಯಲ್ಲಾದ್ರೂ ಇದ್ಯಾ ಕೇಳಿ."

ನೂಂಕಿಶು ನಮ್ಮ ಕಡೆ ತಿರುಗಿದಳು. ಅಂಥ ಮುಖ ನಾನು ಹುಡುಗಿ ಸತ್ತ ದಿನವೂ ನೋಡಿರಲಿಲ್ಲ.

"ಬಾಯಿಗೇನು ಮಣ್ಣು ತುಂಬ್ಕೊಂಡಿದ್ದೀರಾ? ನಾನೇ ಅಂದ್ಮೇಲೆ ಇನ್ನೇನು? ಹೇಳ್ರೋ."

ಪರ್ಮುವಾಟ್ ಹೇಳಿದ. ಅವನ ಹೆಂಡತಿ ಹೇಳಿದಳು. ಮುದುಕರು ಒಬ್ಬೊಬ್ಬರಾಗಿ ಹೇಳಿದರು, ಅವರನ್ನು ಕೇಳಿ ಎಳೆಯರೂ ಹಿಡಿದುಕೊಂಡರು. ಕೊನೆಗೆ ಇಡೀ ಗುಂಪು ನಮೆಲೊಕ್, ನಮೆಲೊಕ್ ಎಂದು ಕೂಗತೊಡಗಿತು. ನಾನೂ ಗಂಟಲು ಹರಿಯುವಂತೆ ಕೂಗಿದೆ.

ಗೋಡೆ ಕಟ್ಟಕೂಡದು ಎಂದು ಹೇಳಿ ಅಧಿಕಾರಿ ಜೀಪು ಹತ್ತಿದ. ಜನ ಕುಣಿದರು. ನೂಂಕಿಶು ಯಾರ ಕಡೆಗೂ ನೋಡದೆ ಹಟ್ಟಿಯತ್ತ ಬಿರಬಿರನೆ ನಡೆದಳು. ನಾನು ಹಿಂದೆ ಓಡಿದೆ.

"ನೀರು ಉಳೀತಲ್ಲ ಅಕ್ಕ."

"ಉಳೀತು." ಅವಳು ನಿಲ್ಲಲಿಲ್ಲ. "ಅಷ್ಟು ಜನ ಸೇರಿ ಕರೆದ್ರಲ್ಲೇ. ಒಂದ್ಸಲನಾದ್ರೂ ಓ ಅನ್ನಬಾರದಾ, ಆ ಹುಡುಗಿ?"